ಕೆನಡಾದಿಂದ ಬರಬೇಕಿದ್ದ ಹೆಸರು

ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಪರಮಾಧಿಕಾರ ಸೋದರತ್ತೆಯದು. ನನ್ನ ಮೊಮ್ಮಗಳ ಸೋದರತ್ತೆ ಕೆನಡಾದಲ್ಲಿರುವುದರಿಂದ, ಮೊನ್ನೆ ಪುರವರದ ನಮ್ಮ ಮನೆಗೆ ಆ ಅಧಿಕಾರ ವಿಡಿಯೊ ಕಾಲ್‌ನಲ್ಲಿ ಬಂತು. ತೊಟ್ಟಿಲೊಳಗೆ ಮೊಬೈಲ್ ಹಿಡಿದದ್ದೇ ತಡ, ಸೋದರತ್ತೆ ಪರದೆಯಲ್ಲಿ ಬಾಯಿ ತೆರೆದಂತೆಯೇ ನಿಂತುಬಿಟ್ಟಳು. ಒಳ್ಳೆಯ ಗಳಿಗೆ ಮುಗಿಯುವುದರಲ್ಲಿತ್ತು.

ದೋಷ ನಮ್ಮದೇ ಇರಬೇಕೆಂದು ಪಕ್ಕದ ಬೀದಿಯ ಕೇಬಲ್ ನವೀದನನ್ನು ಕರೆಸಿದೆವು. ಅವನು ಇಂಟರ್‌ನೆಟ್ ಪೆಟ್ಟಿಗೆಯ ದೀಪಗಳನ್ನು ನೋಡಿ, "ನಮ್ ನೆಟ್ಟು ಓಡ್ತಾ ಐತೆ ಅಜ್ಜಿ, ನಿಂತಿರೋದು ಕೆನಡಾದ್ದು" ಎಂದ.

"ನಾವು ವರ್ಷಕ್ಕೆ ಕಟ್ಟೋ ದುಡ್ಡು ಅವ್ಳು ತಿಂಗ್ಳಿಗೆ ಕಟ್ತಾಳಂತೆ ಕಣ್ಲಾ, ಅದೆಂಗೆ ನಿಂತಾತು?" ಎಂದು ನನ್ನ ತಾಯಿ ಗದರಿದರು. ಆಮೇಲೆ ಗಡಿಯಾರ ನೋಡಿ, "ಹೋಗ್ಲಿ, ಸಿರಿ ಅಂತ ನೀನೇ ಹೇಳ್ಬುಡಪ್ಪ" ಎಂದರು.

ಕೆನಡಾದ ಬಾಯಿ ಅಲುಗಾಡುವ ಹೊತ್ತಿಗೆ ನಾವು ಪಾಯಸಕ್ಕೆ ಕೂತಿದ್ದೆವು. ನನ್ನ ಮೊಮ್ಮಗಳಿಗೆ ಹೆಸರಿಟ್ಟದ್ದು ಕೇಬಲ್ ನವೀದ್.