ಗುರುಬಸಪ್ಪನವರ ಎಡಗಾಲು

ನಮ್ಮ ಆಸ್ಪತ್ರೆಗೆ ಮೂರು ಕಟ್ಟಡ, ಹಿಂದೆ ಒಂದೇ ಗೇಟು. ಔಷಧಿ, ಸಿಲಿಂಡರ್, ತರಕಾರಿ ಒಳಗೆ ಬರುವುದೂ ಕಸ ಹೊರಗೆ ಹೋಗುವುದೂ ಅಲ್ಲಿಂದಲೇ. ಈ ಗೇಟಿಗೆ ವೇಳಾಪಟ್ಟಿ ಬರೆದವನು ಚನ್ನವೀರೇಶ್. ನಾನು ಸ್ಟೋರಿನವನು, ಅವನ ಕಾಟ ಉಂಡವನು. ಐದು ನಿಮಿಷ ತಡವಾದರೆ ನನ್ನ ಮಾಲಿನ ಗಾಡಿಯನ್ನು ಮಾಗಡಿ ರಸ್ತೆಗೇ ವಾಪಸ್ ಅಟ್ಟುತ್ತಿದ್ದ. ರಕ್ತಮಾಂಸದ ಕಸ ತುಂಬಿದ ಹಳದಿ ಚೀಲಗಳನ್ನು ಸುಡಲು ಒಯ್ಯುವ ಗಾಡಿ ಬೆಳಿಗ್ಗೆ ಏಳಕ್ಕೆ ಹೊರಡಲೇಬೇಕು. ರೋಗಿಗಳ ತಿಂಡಿ ಬರುವುದು ಆಮೇಲೆ. ಒಳ್ಳೆಯ ಏರ್ಪಾಡೇ, ಬೈದುಕೊಂಡೇ ಒಪ್ಪುತ್ತೇನೆ.

ಹೋದ ವರ್ಷ ಅವನ ತಂದೆ ಗುರುಬಸಪ್ಪನವರ ಎಡಗಾಲು ಸಕ್ಕರೆ ಕಾಯಿಲೆಯಿಂದ ಕೊಳೆತು, ನಮ್ಮಲ್ಲೇ ತೆಗೆದರು. ಅವರಲ್ಲಿ ಸತ್ತವರನ್ನು ಸುಡುವುದಿಲ್ಲ, ಕೂರಿಸಿ ಹೂಳುತ್ತಾರೆ. ಆಪರೇಷನ್ನಿಗೆ ಮುಂಚೆ ಮುದುಕರು ಕೇಳಿದ್ದು ಒಂದೇ.

"ಕಾಲನ್ನ ಬೆಂಕಿಗೆ ಕೊಡಬೇಡ ವೀರೇಶಾ. ಮಣ್ಣಿಗೆ ಹಾಕು. ಆಮೇಲೆ ನನ್ನನ್ನೂ ಅಲ್ಲೇ ಕೂರಿಸು."

ಮನೆಯವರು ಬರೆದುಕೊಟ್ಟರೆ ನಮ್ಮ ಆಸ್ಪತ್ರೆಯಲ್ಲಿ ಕಾಲನ್ನು ಕೊಡುತ್ತಿದ್ದರು. ಆಪರೇಷನ್ ಆದ ರಾತ್ರಿ ಚನ್ನವೀರೇಶ್ ಅರ್ಜಿ ಬರೆದು ಜೇಬಿನಲ್ಲಿಟ್ಟುಕೊಂಡ, ಬೆಳಿಗ್ಗೆ ಕೊಟ್ಟರಾಯಿತು ಎಂದು. ಯಾರಿಗೂ ಬಾಯಿಮಾತಿನಲ್ಲಿ ಹೇಳಲಿಲ್ಲ. ತಂದೆಯ ಪಕ್ಕ ಕುಳಿತೇ ನಿದ್ದೆಹೋದವನು ಎದ್ದಾಗ ಒಂಬತ್ತು ದಾಟಿತ್ತು. ಗೇಟಿಗೆ ಓಡಿ ಬಂದು ಹಳದಿ ಚೀಲದ ಗಾಡಿಯ ಡ್ರೈವರ್ ಹನುಮೇಶನಿಗೆ ಫೋನ್ ಮಾಡಿದ. ನಾನು ಅಲ್ಲೇ ಇದ್ದೆ.

"ಕರೆಕ್ಟಾಗಿ ಏಳಕ್ಕೇ ಬಿಟ್ಟೆ ಸಾರ್," ಎಂದ ಹನುಮೇಶ, ಶಹಬ್ಬಾಸ್ ಸಿಗುವುದೆಂಬ ದನಿಯಲ್ಲಿ. "ಆಗ್ಲೇ ಎಲ್ಲಾ ಸುಟ್ಟಾಯ್ತು."

ಅವನ ಮೇಲೆ ಕೋಪ ಮಾಡಿಕೊಳ್ಳುವ ಹಾಗೂ ಇರಲಿಲ್ಲ. ಚನ್ನವೀರೇಶ್ ಫೋನನ್ನು ಅರ್ಜಿಯಿದ್ದ ಜೇಬಿಗೇ ಹಾಕಿಕೊಂಡ. ನನಗೆ ಅಯ್ಯೋ ಅನ್ನಿಸಿತು.

ತಂದೆಗೆ ಮಾತ್ರ, "ಹೂತೆ ಅಪ್ಪಾಜಿ, ಬ್ಯಾಡರಹಳ್ಳಿ ಆಚೆ ನಮ್ಮವರ ರುದ್ರಭೂಮಿಯಲ್ಲಿ," ಎಂದುಬಿಟ್ಟ. ಮುದುಕರು ಬಿಡಲಿಲ್ಲ, ಜಾಗ ತೋರಿಸು ಎಂದು ಹಟ ಹಿಡಿದರು. ವೀಲ್‌ಚೇರ್ ತಳ್ಳಿಕೊಂಡು ನಾನೂ ಹೋಗಿದ್ದೆ. ಹೊಂಗೆಮರದ ಬುಡದಲ್ಲಿ ಖಾಲಿ ನೆಲವೊಂದನ್ನು ಅವನು ತೋರಿಸಿದ. ಮುದುಕರು ಬಗ್ಗಿ ಅಲ್ಲಿ ಬಿಲ್ವಪತ್ರೆ ಇಟ್ಟರು. ನಾನು ಬಾಯಿ ಬಿಡಲಿಲ್ಲ, ಇವತ್ತಿಗೂ ಅದು ಚುಚ್ಚುತ್ತದೆ.

ಈ ತಿಂಗಳು ಅವರು ತೀರಿಕೊಂಡರು. ಹೊಂಗೆಮರದ ಬುಡದಲ್ಲೇ ಗುಂಡಿ ತೋಡಿಸಿದರು. ಅವರ ತಂಗಿ ಜಗದಾಂಬಾ ಅಂಚಿನಲ್ಲೇ ನಿಂತಿದ್ದರು. "ಮೆಲ್ಲಗೆ ಅಗೀರಪ್ಪಾ, ನಮ್ಮಣ್ಣನ ಕಾಲಿದೆ. ಮೂಳೆ ಸಿಕ್ಕಿದ್ರೆ ಮಡಿಲಿಗೆ ಇಡ್ಬೇಕಂತೆ."

ಎದೆಯುದ್ದ ಅಗೆದರೂ ಬರೀ ಮಣ್ಣು. ಅಗೆಯುವವರು ಕೈ ನಿಲ್ಲಿಸಿದರು. ನೆಂಟರೆಲ್ಲ ಮಗನ ಮುಖ ನೋಡಿದರು.

"ಎಲ್ಲೋ ವೀರೇಶಾ?" ಎಂದರು ಜಗದಾಂಬಾ.

ಚನ್ನವೀರೇಶ್ ಚಪ್ಪಲಿ ಬಿಟ್ಟು ಗುಂಡಿಗಿಳಿದ. ಮಂಡಿಯೂರಿ ಎರಡೂ ಕೈಗಳಿಂದ ಮಣ್ಣು ಕೆದಕತೊಡಗಿದ.

"ಇಲ್ಲೇ ಅತ್ತೆ," ಎಂದ. "ಇನ್ನೊಂಚೂರು ಕೆಳಗಿರ್ಬೇಕು."