ಗಿಟಾರಿಗೆ ಗಂಜಿ ಹಾಕಿದ್ದು

ಪೊಲ್ಲಾಚಿಯ ಒಂದು ಆರತಕ್ಷತೆಯಲ್ಲಿ ನಮ್ಮಣ್ಣನ ಎಲೆಕ್ಟ್ರಿಕ್ ಗಿಟಾರು ಮೊದಲ ಸಲ ಎಲ್ಲರೆದುರು ಕಿರುಚಿತು. ಅವನು ತಂತಿಯನ್ನು ಮುಟ್ಟಿಯೂ ಇರಲಿಲ್ಲ. ತನ್ನ ಸರದಿಗೆ ಕಾಯುತ್ತ ಆಂಪ್ಲಿಫೈಯರಿನ ಗುಂಡಿಯನ್ನು ತುಸು ತಿರುಗಿಸಿದ್ದ, ಅಷ್ಟೆ. ತಗಡು ಸೀಳಿದಂಥ ಸದ್ದು ಮಂಟಪವನ್ನೆಲ್ಲ ತುಂಬಿತು. ಮದುಮಗಳ ತಾತ ಕಿವಿಯಿಂದ ಶ್ರವಣಯಂತ್ರ ಕಿತ್ತು ಜೇಬಿಗಿಟ್ಟುಕೊಂಡವರು ಊಟದ ತನಕ ಅದನ್ನು ಹೊರಗೆ ತೆಗೆಯಲಿಲ್ಲವಂತೆ. ನಾನು ಅಲ್ಲಿರಲಿಲ್ಲ. ಅಣ್ಣ ಹೇಳಿದ್ದೂ ಡ್ರಮ್ ಬಾರಿಸುವವನು ಹೇಳಿದ್ದೂ ತಾಳೆಯಾದ್ದರಿಂದ ಬರೆಯುತ್ತಿದ್ದೇನೆ.

ಅದು ಎಂಬತ್ತರ ದಶಕದ ನಡುಭಾಗ. ಮದುವೆಗಳಲ್ಲಿ ಸಿನಿಮಾ ಹಾಡು ಹಾಡುವ ತಂಡಗಳಿಗೆ ಕೊಯಮತ್ತೂರಿನಲ್ಲಿ ಒಳ್ಳೆಯ ಕಾಲ. ಅಣ್ಣ ಹಗಲು ಅಪ್ಪನ ಜೊತೆ ಮಗ್ಗದ ಗುಂಡಿಯಲ್ಲಿ ಕೂರುತ್ತಿದ್ದ, ಸಂಜೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅಂಥದೊಂದು ತಂಡದಲ್ಲಿ ಗಿಟಾರು ನುಡಿಸುತ್ತಿದ್ದ. ನಾನು ಆಗತಾನೆ ಗಾಂಧಿಪುರಂ ಬಳಿಯ ತಮಿಳು ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದ್ದೆ. ಮನೆಯೊಳಗೆ ನಮ್ಮದು ಕನ್ನಡ, ಹೊಸ್ತಿಲು ದಾಟಿದರೆ ತಮಿಳು.

ತಂಡದ ಯಜಮಾನರೇ ಅದರ ಮುಖ್ಯ ಹಾಡುಗಾರರು. ಅವರು ಬೈಯುವ ಪೈಕಿಯಲ್ಲ. ಪೊಲ್ಲಾಚಿಯಿಂದ ಹಿಂದಿರುಗುವಾಗ ವ್ಯಾನಿನಲ್ಲಿ ಅಣ್ಣನ ಪಕ್ಕ ಬಂದು ಕೂತು, ತಮಿಳಿನಲ್ಲಿ ಮೆತ್ತಗೆ ಹೇಳಿದರು: "ತಂಬಿ, ಬರೋ ಶುಕ್ರವಾರ ತಿರುಪ್ಪೂರು. ಬನಿಯನ್ ಕಂಪೆನಿಯವರ ಮನೆ ಮದುವೆ, ದೊಡ್ಡ ಜನ ಬರ್ತಾರೆ. ಅಲ್ಲೂ ಇದು ಕೂಗಿದರೆ ನಿನ್ನ ಜಾಗದಲ್ಲಿ ಕೀಬೋರ್ಡಿನವನನ್ನ ಕೂರಿಸ್ತೀನಿ. ಮನಸ್ಸಿಗೆ ಹಚ್ಚಿಕೋಬೇಡ."

ಕೀಬೋರ್ಡು ಆಗ ಹೊಸದಾಗಿ ಬಂದಿತ್ತು. ಒಂದು ಗುಂಡಿ ಒತ್ತಿದರೆ ಕೊಳಲು, ಇನ್ನೊಂದಕ್ಕೆ ಪಿಟೀಲು, ಮತ್ತೊಂದಕ್ಕೆ ಗಿಟಾರು. ಅಂಥವನು ಒಮ್ಮೆ ಕೂತನೆಂದರೆ ಮತ್ತೆ ಏಳುವುದಿಲ್ಲ ಎಂದು ಅಣ್ಣನಿಗೆ ಗೊತ್ತಿತ್ತು. ಮಗ್ಗದ ಗುಂಡಿಯಿಂದ ಎದ್ದು ಹೊರಗೆ ಹೋಗಲು ಅವನಿಗಿದ್ದದ್ದು ಆ ತಂಡವೊಂದೇ. ಮನೆಗೆ ಬಂದವನು ಗಿಟಾರನ್ನು ಗೋಡೆಗೊರಗಿಸಿ ಅದರ ಎದುರು ಕೂತ, ಜ್ವರ ಬಂದ ಮಗುವನ್ನು ನೋಡುವಂತೆ ನೋಡುತ್ತ.

ಆ ಗಿಟಾರು ಪೋತ್ತನೂರಿನ ರೈಲ್ವೆ ಕಾಲೊನಿಯ ಒಬ್ಬ ನಿವೃತ್ತ ಎಂಜಿನ್ ಡ್ರೈವರರದು. ಆಂಗ್ಲೋ ಇಂಡಿಯನ್ ಮನುಷ್ಯ, ಬೆರಳಿಗೆ ವಾತ ಬಂದ ಮೇಲೆ ಅದನ್ನು ಅಣ್ಣನಿಗೆ ಮಾರಿದ್ದರು. ಮರುದಿನ ನಾವಿಬ್ಬರೂ ಅದನ್ನು ಹೊತ್ತು ಅವರ ಮನೆಗೆ ಹೋದೆವು. ಅವರು ಆಂಪ್ಲಿಫೈಯರ್ ಹಾಕಿ, ತಂತಿಗಳ ಕೆಳಗಿರುವ ಪಿಕಪ್ಪನ್ನು ಪೆನ್ಸಿಲಿನ ಹಿಂಭಾಗದಿಂದ ಕುಟ್ಟಿದರು. ಬಾಗಿಲು ತಟ್ಟಿದಂತೆ ಸ್ಪೀಕರಿನಲ್ಲಿ ಟಕ್ ಟಕ್ ಎಂದಿತು.

"ಕೇಳಿಸ್ತಾ? ಇದು ತಂತಿಯ ಸದ್ದನ್ನ ಮಾತ್ರ ಹಿಡೀಬೇಕು. ಈಗ ಇದು ಏನು ಬಂದರೂ ಹಿಡೀತಿದೆ," ಎಂದರು. ಪಿಕಪ್ಪಿನೊಳಗೆ ಅಯಸ್ಕಾಂತದ ಸುತ್ತ ಕೂದಲಿಗಿಂತ ಸಣ್ಣ ತಾಮ್ರದ ತಂತಿ ಸಾವಿರಾರು ಸುತ್ತು ಸುತ್ತಿರುತ್ತದೆ. ಆ ಸುತ್ತುಗಳು ಸಡಿಲವಾದರೆ ಸ್ಪೀಕರಿನ ಸದ್ದಿಗೇ ಅದುರುತ್ತವೆ. ಅದುರಿದ್ದು ಮತ್ತೆ ಸ್ಪೀಕರಿಗೆ ಹೋಗಿ ಇನ್ನಷ್ಟು ಅದುರಿಸುತ್ತದೆ. ಅದೇ ಆ ಕಿರುಚಾಟ. "ಸುತ್ತುಗಳು ಒಂದಕ್ಕೊಂದು ಅಂಟಿ ಕೂರಬೇಕು. ಮೇಣದಲ್ಲಿ ಅದ್ದಿದರೆ ಸರಿಹೋಗುತ್ತೆ. ನಾನು ಮಗಳ ಮನೆಗೆ ತ್ರಿಚಿಗೆ ಹೊರಟಿದ್ದೀನಿ. ಬುಧವಾರ ಬಂದು ಮಾಡಿಕೊಡ್ತೀನಿ. ಅಲ್ಲಿತನಕ ಯಾರೂ ಕೈ ಹಚ್ಚಬೇಡಿ."

ಯಾರೂ ಎಂದರೆ ಯಾರು ಎಂದು ಅವರು ಹೇಳಿರಲಿಲ್ಲ. ಸಂಜೆ ಅಣ್ಣ ಪಿಕಪ್ಪನ್ನು ಬಿಚ್ಚಿ, ಕೈಯಲ್ಲಿ ಹಿಡಿದು, ಅಪ್ಪನಿಗೆ ವಿಷಯ ವಿವರಿಸಿದ.

"ಒಳಗೆ ಎಳೆ ಸಡಿಲಾಗ್ಯದೆ, ಅಷ್ಟೇ ತಾನೆ?" ಎಂದರು ಅಪ್ಪ. "ಸಡಿಲು ಎಳೆಗೆ ಏನ್ ಹಾಕ್ತಾರೆ? ಗಂಜಿ ಹಾಕ್ತಾರೆ. ಇದಕ್ಕೆ ಪೋತ್ತನೂರು ತನಕ ಹೋಗ್ಬೇಕಾ?"

"ಇದು ನೂಲಲ್ಲಪ್ಪಾ, ತಾಮ್ರ."

"ಜರಿ ಏನು, ಹತ್ತೀನಾ? ಅದ್ನ ನೇಯಲ್ವಾ ನಾನು?"

ಅವ್ವ ಒಲೆಯ ಮುಂದಿನಿಂದ ಕೇಳಿದಳು: "ಗಿಟಾರಿಗೆ ಬರೀ ಗಂಜಿನಾ, ಇಲ್ಲಾ ಕೊಂಜ ಉಪ್ಪಿನಕಾಯಿನೂ ಇಡ್ಲಾ?"

ಅಣ್ಣ ನಕ್ಕ. ನಕ್ಕವನು ಬೇಡ ಎನ್ನಲಿಲ್ಲ. ಶುಕ್ರವಾರ ಹತ್ತಿರ ಬರುತ್ತಿತ್ತು, ಗಂಜಿ ಮನೆಯಲ್ಲೇ ಇತ್ತು.

ನಮ್ಮ ಬೀದಿಯಲ್ಲಿ ಬೆಳಗಿನ ಬಿಸಿಲಿಗೆ ಮಗ್ಗಕ್ಕೇರಿಸುವ ಹಾಸುನೂಲನ್ನು ಉದ್ದಕ್ಕೆ ಎಳೆದು ಕಟ್ಟಿ, ಅಕ್ಕಿಗಂಜಿ ಬಳಿದು, ದೊಡ್ಡ ಕುಂಚದಿಂದ ತೀಡುವುದು ಎಲ್ಲ ಮನೆಗಳಲ್ಲೂ ನಡೆಯುವ ಕೆಲಸ. ಮರುದಿನ ಬೆಳಿಗ್ಗೆ ಅಪ್ಪ ಪಿಕಪ್ಪನ್ನು ಜಗಲಿಯ ಮೇಲಿಟ್ಟು, ಮೇಲೆ ಸುತ್ತಿದ್ದ ಪಟ್ಟಿಯನ್ನು ಬಿಚ್ಚಿ, ಸೋಸಿದ ತೆಳು ಗಂಜಿಯನ್ನು ಬಹಳ ಎಚ್ಚರದಿಂದ ಬಳಿದರು. ಅಲ್ಲಿಗೆ ನಿಲ್ಲಿಸಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಆದರೆ ಗಂಜಿ ಹಾಕಿದ ನೇಕಾರನ ಕೈ ಕುಂಚ ಹಿಡಿಯದೆ ಇರುವುದಿಲ್ಲ. ಹಾಸಿನಲ್ಲಿ ಒಂದು ಎಳೆ ಇನ್ನೊಂದಕ್ಕೆ ಅಂಟಬಾರದು, ಅದಕ್ಕೇ ತೀಡುತ್ತಾರೆ. ಇಲ್ಲಿ ಬೇಕಾದದ್ದು ಅಂಟುವುದೇ. ಅಪ್ಪ ಅಷ್ಟು ಹೊತ್ತಿಗೆ ಸಣ್ಣ ಕುಂಚದಿಂದ ನೀಟಾಗಿ ತೀಡಿ ಮುಗಿಸಿ, ಪಿಕಪ್ಪನ್ನು ಬಿಸಿಲಿಗಿಟ್ಟಿದ್ದರು.

ಒಣಗಿದ ಮೇಲೆ ಅಣ್ಣ ಅದನ್ನು ಗಿಟಾರಿಗೆ ಜೋಡಿಸಿ, ಆಂಪ್ಲಿಫೈಯರಿನ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದ. ಕಿರುಚಾಟವಿಲ್ಲ. ಅಪ್ಪ ಪಕ್ಕದ ಮನೆಯ ಜಗಲಿಗೂ ಕೇಳುವಂತೆ ಹೇಳಿದರು: "ನೋಡ್ದ್ಯಾ? ಇಷ್ಟಕ್ಕೆ ಡ್ರೈವರು ಬೇಕಂತೆ!"

ಆಮೇಲೆ ಅಣ್ಣ ತಂತಿ ಮೀಟಿದ. ಮರದ ಮೇಲೆ ತಂತಿ ಅದುರುವ ಒಣ ಸದ್ದು ಬಿಟ್ಟರೆ ಏನೂ ಬರಲಿಲ್ಲ. ಇನ್ನೊಮ್ಮೆ ಮೀಟಿದ. ಸ್ಪೀಕರು ಬಾಯಿ ಬಿಡಲಿಲ್ಲ.

"ಅಳೋ ಕೂಸಿನ ಬಾಯಿ ಹೊಲಿದಂಗಾಯ್ತು," ಎಂದಳು ಅವ್ವ.

ಕುಂಚದ ಕೂದಲೊಂದು ಹೊರಗಿನ ಸುತ್ತುಗಳನ್ನು ಎಲ್ಲೆಲ್ಲೋ ತುಂಡರಿಸಿತ್ತು. ಅಪ್ಪ ಎದ್ದು ಮಗ್ಗಕ್ಕೆ ಹೋದರು. ಅವತ್ತು ಲಾಳಿಯ ಸದ್ದು ಬಹಳ ಜೋರಾಗಿತ್ತು. ಅಣ್ಣ ಅವರ ಮೇಲೆ ಕೂಗಾಡಲಿಲ್ಲ. ಊಟಕ್ಕೂ ಏಳಲಿಲ್ಲ.

ಮರುದಿನ ಕೆಲಸಕ್ಕೆ ಹೋಗುವಾಗ ನಾನೂ ಅವನ ಜೊತೆ ಗಾಂಧಿಪುರಂನ ರೇಡಿಯೊ ಅಂಗಡಿಗೆ ಹೋದೆ. ಹೊಸ ಪಿಕಪ್ ಬೇಕೆಂದರೆ ಮದರಾಸಿಗೆ ಬರೆಯಬೇಕು, ದೀಪಾವಳಿಗೆ ಬಂದರೆ ಪುಣ್ಯ ಎಂದರು. ಅಣ್ಣ ಅಲ್ಲಿಂದ ಕುರಿಚಿಗೆ ಬಸ್ಸು ಹತ್ತಿ, ಮೋಟರಿಗೆ ಕಾಯಿಲ್ ಕಟ್ಟುವವನನ್ನು ಕೇಳಿದ. ಅವನು ಪಿಕಪ್ಪನ್ನು ಅಂಗೈ ಮೇಲಿಟ್ಟು ನೋಡಿ, "ನಮ್ಮದು ಬಾವಿ ಪಂಪು, ಅಣ್ಣಾ. ಇದಕ್ಕೆ ನಮ್ಮ ತಂತಿ ಸುತ್ತಿದರೆ ಗಿಟಾರಿನಿಂದ ನೀರು ಬರುತ್ತೆ," ಎಂದನಂತೆ. ಬುಧವಾರ ತ್ರಿಚಿಯಿಂದ ಬಂದ ಡ್ರೈವರು ಪಿಕಪ್ಪನ್ನು ಮೂಸಿ ನೋಡಿ, "ಇದೇನು, ತಿಂಡಿ ವಾಸನೆ?" ಎಂದರು. ವಿಷಯ ಕೇಳಿ ಕುರ್ಚಿಯ ಕೈ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಒಳಗೆ ಹೋಗಿ, ಹಳೆಯ ಮೀಟರಿನಿಂದ ಬಿಚ್ಚಿಟ್ಟ ಸಣ್ಣ ತಂತಿಯ ರೀಲೊಂದನ್ನು ತಂದುಕೊಟ್ಟರು.

"ಮೊದಲಿದ್ದಷ್ಟೇ ದಪ್ಪಕ್ಕೆ ಸುತ್ತಬೇಕು. ನನ್ನ ಬೆರಳಿನಲ್ಲಿ ಆಗಲ್ಲ. ಇಷ್ಟು ಸಣ್ಣದನ್ನ ಸುತ್ತೋರು ನಿಮ್ಮ ಮನೇಲಿ ಯಾರಾದ್ರೂ ಇದ್ದಾರಾ?"

ಇದ್ದರು. ಲಾಳಿಯೊಳಗೆ ಕೂರುವ ಕಂಡಿಕೆಗಳಿಗೆ ನೂಲು ಸುತ್ತುವುದು ನಮ್ಮ ಮನೆಯಲ್ಲಿ ಅವ್ವನ ಕೆಲಸ, ಕೆಲಸಕ್ಕೆ ಸೇರುವ ತನಕ ನನ್ನದೂ. ಗುರುವಾರ ಬೆಳಿಗ್ಗೆ ರಾಟೆಯ ಕದಿರಿಗೆ ಮರದ ಬಿಲ್ಲೆಯೊಂದನ್ನು ಸಿಕ್ಕಿಸಿ, ಅದಕ್ಕೆ ಪಿಕಪ್ಪಿನ ಬರಿದಾದ ರೀಲನ್ನು ಅಂಟಿಸಿದೆವು. ತಂತಿ ಹಿಡಿಯುವುದು ಅವ್ವ, ರಾಟೆ ತಿರುಗಿಸುವುದು ನಾನು. ಮೊದಲ ತಿರುವಿಗೇ ತಂತಿ ತುಂಡಾಯಿತು. ಎರಡನೆಯದೂ ಅಷ್ಟೆ. ಕಂಡಿಕೆ ದುಂಡಗಿರುತ್ತದೆ, ನೂಲು ಒಂದೇ ಸಮನೆ ಹೋಗುತ್ತದೆ. ಇದು ಉದ್ದನೆಯದು, ಪ್ರತಿ ಸುತ್ತಿನಲ್ಲೂ ಒಮ್ಮೆ ಎಳೆಯುತ್ತದೆ, ಒಮ್ಮೆ ಬಿಡುತ್ತದೆ.

"ಏಯ್ ಅಮ್ಮಿಣಿ, ಏನ್ ಬಸ್ಸಿಗೆ ಹೊತ್ತಾಯ್ತಾ?" ಎಂದಳು ಅವ್ವ. ಆ ಸೀಮೆಯಲ್ಲಿ ಎಲ್ಲ ಹೆಣ್ಣುಮಕ್ಕಳೂ ಅಮ್ಮಿಣಿಯರೇ. "ಮೆಲ್ಲಗೆ. ಎಳಿಯೋವಾಗ ನೀ ನಿಧಾನ ಮಾಡು, ಬಿಡೋವಾಗ ನಾ ಹಿಡಿತೀನಿ."

"ಹತ್ತಿ ಆಗಿದ್ರೆ ಇಷ್ಟೊತ್ತಿಗೆ ಹತ್ತು ಕಂಡಿಕೆ ಆಗೋದು," ಎಂದ ಅಣ್ಣ.

"ಹತ್ತಿ ನಿನ್ನಂಗೆ ಮಾತಾಡಲ್ಲ. ಸುಮ್ನೆ ಕೂತ್ಕೋ."

ಅಂದು ನಾನು ಕಚೇರಿಗೆ ತಡವಾಗಿ ಹೋದೆ. ಮಧ್ಯಾಹ್ನದ ಹೊತ್ತಿಗೆ ರೀಲು ತುಂಬಿತ್ತಂತೆ. ತಂತಿಯ ಎರಡೂ ತುದಿಗಳನ್ನು ಬೆಸುಗೆ ಹಾಕಿಸಿಕೊಂಡು ಅಣ್ಣ ಪೋತ್ತನೂರಿಗೆ ಹೋಗಿ, ಡ್ರೈವರನ್ನು ಬಸ್ಸು ಹತ್ತಿಸಿಕೊಂಡೇ ಬಂದ. ಸಂಜೆ ನಾನು ಮನೆಗೆ ಬಂದಾಗ ಒಲೆಯ ಮೇಲೆ ಬಿಸಿನೀರು, ನೀರಿನೊಳಗೆ ಅಪ್ಪನ ಗಂಜಿಯ ಪಾತ್ರೆ, ಪಾತ್ರೆಯಲ್ಲಿ ಕರಗಿದ ಮೇಣ. ಮೇಣವನ್ನು ನೇರ ಬೆಂಕಿಗೆ ಇಡಬಾರದು, ಹೆಚ್ಚು ಕಾದರೆ ರೀಲಿನ ಪ್ಲಾಸ್ಟಿಕ್ಕೇ ಬಾಗುತ್ತದೆ ಎಂದು ಡ್ರೈವರು ಹೇಳುತ್ತಿದ್ದರು. ಪಾತ್ರೆಯ ಪಕ್ಕದಲ್ಲಿ ಕಾವಲಿಗೆ ಕೂತಿದ್ದವರು ಅಪ್ಪ. ಪಿಕಪ್ಪನ್ನು ಅದ್ದಿದಾಗ ಸುತ್ತುಗಳ ನಡುವಿನ ಗಾಳಿ ಸಣ್ಣ ಗುಳ್ಳೆಗಳಾಗಿ ಎದ್ದು ಬರತೊಡಗಿತು.

"ಗುಳ್ಳೆ ನಿಂತ ಮೇಲೆ ತೆಗೀಬೇಕು," ಎಂದರು ಡ್ರೈವರು. ಸ್ವಲ್ಪ ಹೊತ್ತಿನ ಮೇಲೆ ಅಪ್ಪನ ಕಡೆ ನೋಡಿ, "ಯಜಮಾನರೇ, ತೀಡೋ ಹಾಗಿಲ್ಲ," ಎಂದರು.

"ಕುಂಚ ಬಚ್ಚಿಟ್ಟಿದ್ದಾಳೆ ಇವ್ಳು," ಎಂದರು ಅಪ್ಪ.

ಮೇಣ ಆರಿದ ಮೇಲೆ ಪರೀಕ್ಷೆ ಮಾಡೋಣವೆಂದರೆ ಕರೆಂಟು ಹೋಯಿತು. ಕಾದರೂ ಅದು ಬರಲಿಲ್ಲ, ಡ್ರೈವರು ಕೊನೆಯ ಬಸ್ಸಿಗೆ ಹೊರಟರು. ಬೆಳಿಗ್ಗೆ ಅಣ್ಣ ನುಡಿಸಿದ. ಸದ್ದು ಮೊದಲಿಗಿಂತ ತುಸು ಮೃದುವಾಗಿತ್ತು, ಕಿರುಚಾಟ ಇರಲಿಲ್ಲ. ಆದರೆ ನಮ್ಮ ನಡುಮನೆಯಲ್ಲಿ ಮಂಟಪದಷ್ಟು ಜೋರಾಗಿ ಇಡುವಂತಿರಲಿಲ್ಲ. ನಿಜವಾದ ಪರೀಕ್ಷೆ ತಿರುಪ್ಪೂರಿನಲ್ಲೇ ಎಂದು ಅಣ್ಣನಿಗೂ ನನಗೂ ಗೊತ್ತಿತ್ತು.

ನಾನು ರಜೆ ಹಾಕಿ ಜೊತೆಗೆ ಹೋದೆ. ಮಂಟಪದ ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತಿದ್ದರು. ವೇದಿಕೆಯ ಪಕ್ಕದ ಮೊದಲ ಸಾಲಿನಲ್ಲಿ, ಮಡಿಲ ಮೇಲೆ ಉದ್ದನೆಯ ಚೀಲ ಇಟ್ಟುಕೊಂಡು, ಮೀಸೆಗೆ ಎಣ್ಣೆ ಹಚ್ಚಿ ಬಾಚಿಕೊಂಡ ಒಬ್ಬರು ಕೂತಿದ್ದರು. ಚೀಲದಲ್ಲಿದ್ದದ್ದು ಕೀಬೋರ್ಡು. ಯಜಮಾನರು ಅವರನ್ನು ಕರೆದುಕೊಂಡೇ ಬಂದಿದ್ದರು. ಅಣ್ಣ ನೋಡಿದ, ನೋಡದವನಂತೆ ಶ್ರುತಿ ಮಾಡಿದ.

ಮೊದಲ ಹಾಡು ಮುಗಿಯಿತು. ಎರಡನೆಯದರಲ್ಲಿ ಗಿಟಾರಿಗೆ ಒಂಟಿಯಾಗಿ ನುಡಿಸುವ ಭಾಗವಿತ್ತು. ಅಣ್ಣ ಗುಂಡಿಯನ್ನು ಏರಿಸಿದ, ಕಣ್ಣು ಮುಚ್ಚಿದ, ನುಡಿಸಿದ. ಗಿಟಾರು ಕಿರುಚಲಿಲ್ಲ. ಕೀಬೋರ್ಡಿನವರು ಚೀಲದ ಜಿಪ್ಪನ್ನು ಅರ್ಧ ಎಳೆದವರು ಅಲ್ಲೇ ನಿಲ್ಲಿಸಿದರು.

ಮೂರನೆಯ ಹಾಡಿಗೆ ಯಜಮಾನರಿಗೆ ಹುರುಪು ಬಂತು. ಮೈಕನ್ನು ಸ್ಟ್ಯಾಂಡಿನಿಂದ ಕಿತ್ತು, ಮದುಮಕ್ಕಳ ಕಡೆ ಕೈಚಾಚಿ ಹಾಡುತ್ತ ವೇದಿಕೆಯ ಅಂಚಿಗೆ ಬಂದರು. ಅಲ್ಲಿ ದೊಡ್ಡ ಸ್ಪೀಕರು ನಿಂತಿತ್ತು. ಮೈಕು ಅದರ ಎದುರು ಬಂದದ್ದೇ ತಡ, ಕಿವಿ ಸೀಳುವಂಥ ಕಿರುಚು ಮಂಟಪವನ್ನೆಲ್ಲ ತುಂಬಿತು.

ತಬಲಾದವನು, ಡ್ರಮ್ಮಿನವನು, ಹಾಡುವ ಹುಡುಗಿ, ಯಜಮಾನರು, ಎಲ್ಲರೂ ಒಟ್ಟಿಗೆ ತಿರುಗಿ ಅಣ್ಣನ ಕಡೆ ನೋಡಿದರು. ನಾನೂ ನೋಡಿದೆ, ಸುಳ್ಳು ಹೇಳುವುದೇಕೆ.

ಅಣ್ಣ ಗಿಟಾರಿನ ಗುಂಡಿಯನ್ನು ಪೂರ್ತಿ ಇಳಿಸಿ, ಎರಡೂ ಕೈಗಳನ್ನು ಮೇಲೆತ್ತಿದ, ಪೊಲೀಸರು ಹಿಡಿದವನಂತೆ. ಕಿರುಚು ಮುಂದುವರಿಯುತ್ತಲೇ ಇತ್ತು. ಯಜಮಾನರು ಕೈಯಲ್ಲಿದ್ದ ಮೈಕನ್ನು ನೋಡಿದರು, ಸ್ಪೀಕರನ್ನು ನೋಡಿದರು, ಮೆಲ್ಲಗೆ ಎರಡು ಹೆಜ್ಜೆ ಹಿಂದೆ ಸರಿದರು. ಸದ್ದು ನಿಂತಿತು. ಮುಂದಿನ ಸಾಲುಗಳಲ್ಲಿ ಯಾರೋ ನಕ್ಕರು, ಮದುಮಗನೂ ನಕ್ಕ.

ಯಜಮಾನರು ಗಂಟಲು ಸರಿಮಾಡಿಕೊಂಡು, "ಹಾಡು ಮೊದಲಿಂದ," ಎಂದು ತಂಡಕ್ಕೆ ಸನ್ನೆ ಮಾಡಿದರು. ಆಮೇಲೆ ವೇದಿಕೆಯಿಂದ ಬಗ್ಗಿ, ಚೀಲ ಹಿಡಿದು ಕೂತಿದ್ದ ಕೀಬೋರ್ಡಿನವರಿಗೆ ತಮಿಳಿನಲ್ಲಿ ಹೇಳಿದರು: "ಅಣ್ಣಾಚಿ, ಎಲೆ ಹಾಕಿದ್ದಾರೆ. ಪಾಯಸ ಮುಗಿಯೋಕೆ ಮುಂಚೆ ನೀವು ಚೀಲದ ಜಿಪ್ಪು ಮುಚ್ಚಿ ಊಟಕ್ಕೆ ಹೋಗಿ."