ಜೀತದಾಳುಗಳಿಗೆ ಮಖಮಲ್ಲು

೧೯೯೯ರಲ್ಲಿ ಗಲ್ಫಿನ ಕರಾಮ ಬಡಾವಣೆಯ ಹಿಂಬದಿಯ ಬೀದಿಯೊಂದರಲ್ಲಿ, ಒಂದು ಉಡುಪಿ ಹೋಟೆಲಿನ ಮಗ್ಗುಲಿಗೆ, ಮುಹಿಯುದ್ದೀನ್ ಅವರ ಟೈಲರ್ ಅಂಗಡಿ ಇತ್ತು. ವಿಟ್ಲದ ಕಡೆಯ ಬ್ಯಾರಿ. ವಯಸ್ಸು ಐವತ್ತರ ಹತ್ತಿರ. ಕುತ್ತಿಗೆಯಲ್ಲಿ ಅಳತೆಪಟ್ಟಿ, ಅಂಗಿಯ ಜೇಬಿನ ಮೇಲೆ ಸಾಲಾಗಿ ಗುಂಡುಸೂಜಿಗಳು. ನಾನು ಅದೇ ಕಟ್ಟಡದ ಮೂರನೇ ಮಹಡಿಯಲ್ಲಿದ್ದೆ. ಆಫೀಸಿನಿಂದ ಬಂದವನು ಮೆಟ್ಟಿಲು ಹತ್ತುವ ಮೊದಲು ಅವರ ಅಂಗಡಿಯ ಸ್ಟೂಲಿನ ಮೇಲೆ ಅರ್ಧ ಗಂಟೆ ಕೂತು ಒಂದು ಸುಲೈಮಾನಿ ಚಹಾ ಕುಡಿಯುವುದು ರೂಢಿಯಾಗಿತ್ತು.

ಅವರದೊಂದು ಹಟ. ಹರಿದ ಬಟ್ಟೆ ತಮ್ಮ ಅಂಗಡಿಯಿಂದ ಹೊರಗೆ ಹೋಗಕೂಡದು. ಒಮ್ಮೆ ಒಬ್ಬಳು ಹುಡುಗಿ ಮೊಣಕಾಲಿನ ಬಳಿ ಫ್ಯಾಶನ್ನಿಗೆಂದೇ ಹರಿದ ಜೀನ್ಸ್ ತಂದು ಉದ್ದ ಕಡಿಮೆ ಮಾಡಲು ಕೊಟ್ಟಳು. ಮರುದಿನ ಬಂದು ನೋಡಿದರೆ ಉದ್ದವೂ ಕಡಿಮೆಯಾಗಿತ್ತು, ತೂತುಗಳೂ ಮಾಯವಾಗಿದ್ದವು. ರಫೂ ಎಷ್ಟು ನಯವಾಗಿತ್ತೆಂದರೆ ತೂತು ಎಲ್ಲಿತ್ತೆಂದು ಅವಳಿಗೇ ಗೊತ್ತಾಗಲಿಲ್ಲ. ಅವಳ ಕಣ್ಣಲ್ಲಿ ನೀರು ಬಂತು. ಕೃತಜ್ಞತೆಯ ನೀರೆಂದು ತಿಳಿದ ಇವರು, "ಅದಕ್ಕೆ ದುಡ್ಡು ಬೇಡ ಮಗಳೇ, ಫ್ರೀ" ಎಂದರು.

ಇಂಥವರ ಅಂಗಡಿಗೆ ಆ ವರ್ಷ ಜೋಸ್ಫಿನ್ ಟೀಚರ್ ಬಂದರು. ಅವರು ಒಂದು ಇಂಡಿಯನ್ ಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡುವವರು, ಮಂಗಳೂರಿನ ಕಡೆಯವರು. ಶಾಲೆಯ ವಾರ್ಷಿಕೋತ್ಸವಕ್ಕೆ ಅವರ ತರಗತಿಯಿಂದ ಒಂದು ನಾಟಕ. ವಿಷಯ, ಮಧ್ಯಯುಗದ ಯುರೋಪಿನ ಊಳಿಗಮಾನ್ಯ ಸಮಾಜ. ಒಬ್ಬ ಲಾರ್ಡ್, ಇಬ್ಬರು ನೈಟ್ ಯೋಧರು, ಒಬ್ಬ ಪಾದ್ರಿ, ಹನ್ನೆರಡು ಮಂದಿ ಜೀತದಾಳುಗಳು.

"ಲಾರ್ಡ್ ಅಂದ್ರೆ ಎಂತ ಟೀಚರೇ?" ಎಂದು ಮುಹಿಯುದ್ದೀನ್ ಕೇಳಿದರು.

"ಜಮೀನು ಪೂರಾ ಅವನದ್ದು. ದೊಡ್ಡ ಬಂಗಲೆಯಲ್ಲಿ ಇರ್ತಾನೆ. ಉಳಿದವರು ವಾರದಲ್ಲಿ ಮೂರು ದಿನ ಅವನ ಗದ್ದೆಯಲ್ಲಿ ಪುಕ್ಕಟೆ ದುಡೀಬೇಕು."

"ಅರ್ಬಾಬ್. ನಮಗೆ ವೀಸಾ ಕೊಟ್ಟ ಅರಬಿ ಯಜಮಾನನ ಹಾಗೆ."

"ಹಾಗೇ ಅಂತ ಇಟ್ಕೊಳ್ಳಿ. ಅವನ ಅಪ್ಪಣೆ ಇಲ್ಲದೆ ಆಳುಗಳು ಊರು ಬಿಟ್ಟು ಹೋಗುವ ಹಾಗಿಲ್ಲ."

"ವೀಸಾದಿಂದ ರಿಲೀಸ್ ಕೊಡುದಿಲ್ಲ ಅಂತಾಯ್ತು. ಮತ್ತೆ?"

"ಅವನ ಗಿರಣಿಯಲ್ಲೇ ಹಿಟ್ಟು ಮಾಡಿಸಬೇಕು. ಕ್ರಿಸ್ಮಸ್ಸಿಗೆ ಕೋಳಿ, ಈಸ್ಟರಿಗೆ ಮೊಟ್ಟೆ ತಗೊಂಡು ಹೋಗಿ ಕೊಡಬೇಕು."

ಮುಹಿಯುದ್ದೀನ್ ಕತ್ತರಿ ಕೆಳಗಿಟ್ಟರು. "ಟೀಚರೇ, ಇದು ಯುರೋಪಿನ ಕಥೆ ಅಲ್ಲ. ನನ್ನ ಅಪ್ಪನ ಕಥೆ. ನಾವು ಧಣಿಗಳ ಒಕ್ಕಲು. ಅಷ್ಟಮಿಗೆ ಸೌತೆಕಾಯಿ ಹೊತ್ಕೊಂಡು ಹೋಗ್ತಿದ್ದದ್ದು ನಾನೇ!"

ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಟೀಚರ್ ಲಾರ್ಡ್‌ನ ಮೇಲಂಗಿಗೆಂದು ಕಡುಗೆಂಪು ಮಖಮಲ್ಲು ಕೊಟ್ಟರು, ಅದು ನೆಲ ಗುಡಿಸುವಷ್ಟು ಉದ್ದವಿರಬೇಕೆಂದರು. ಆಳುಗಳಿಗೆ ಗೋಣಿಯಂಥ ಕಂದು ಬಟ್ಟೆ. "ಇದನ್ನು ಅಲ್ಲಲ್ಲಿ ಹರಿದು ಕೊಡಿ" ಎಂದರು.

"ಹರಿಯುವುದಾ?"

"ಬಡವರಲ್ವಾ?"

"ಬಡವರಾದ್ರೆ ಹೊಲೀಲಿಕ್ಕೆ ಬರುದಿಲ್ವಾ? ನನ್ನ ಉಮ್ಮ ಒಂದು ಅಂಗಿಗೆ ಹದಿನಾಲ್ಕು ತೇಪೆ ಹಾಕ್ತಿದ್ರು. ಒಂದು ಹರಕು ತೋರಿಸಿ ನೋಡುವ!"

ಮುಕ್ಕಾಲು ಗಂಟೆ ವಾದ ನಡೆಯಿತು. ಕೊನೆಗೆ ಹರಕು ಬೇಡ, ತೇಪೆ ಇರಲಿ ಎಂದು ರಾಜಿಯಾಯಿತು. ಟೀಚರ್ ಹೋದ ಮೇಲೆ ಮುಹಿಯುದ್ದೀನ್ ಇಡೀ ವಾರ ತೇಪೆ ಹಾಕಿದರು. ಎಲೆಯಾಕಾರದ್ದು, ಚಂದ್ರನಾಕಾರದ್ದು, ಸುತ್ತ ಕಾಜಾ ಹೊಲಿಗೆ. ಕಸೂತಿಯೆಂದರೂ ನಡೆಯುತ್ತಿತ್ತು.

ಆಮೇಲೆ ತಾಯಂದಿರು ಬರತೊಡಗಿದರು.

ಮೊದಲು ಬಂದವರು ಪ್ರಾರ್ಥನಾ. ಬೆಂಗಳೂರಿನವರು, ಗಂಡ ಬ್ಯಾಂಕಿನಲ್ಲಿ. ಮಗ ಶ್ರೀನಿಧಿ ಮೂರನೇ ಜೀತದಾಳು. "ಭಾಯ್, ನಮ್ಮೋರೆಲ್ಲ ನೋಡೋಕೆ ಬರ್ತಾರೆ. ಇಂಡಿಯಾಗೆ ಫೋಟೋ ಕಳಿಸ್ಬೇಕು. ಈ ಡ್ರೆಸ್ಸಲ್ಲಿ ನಮ್ಮತ್ತೆ ನೋಡಿದ್ರೆ ಏನಂದ್ಕೊತಾರೆ ಹೇಳಿ? ಕಾಲರ್‌ಗಾದ್ರೂ ಸ್ವಲ್ಪ ಏನಾದ್ರೂ ಹಾಕಿ."

ಮುಹಿಯುದ್ದೀನ್‌ಗೆ ಮನಸ್ಸು ಕರಗಿತು. ಮಖಮಲ್ಲಿನ ಅಂಚಿನಿಂದ ಎರಡು ಬೆರಳಗಲ ಕತ್ತರಿಸಿ ಕಾಲರ್ ಇಟ್ಟರು. ಮರುದಿನ ಮೆಹರುನ್ನಿಸ ಬಂದರು. ಅವರ ಮಗಳು ಹನಾ ಏಳನೇ ಜೀತದಾಳು. "ಆ ಹುಡುಗನಿಗೆ ಮಾತ್ರ ಕಾಲರ್ ಯಾಕೆ?" ಎಂದು ಕೇಳಿದರು. ಹನಾಳಿಗೆ ಕಾಲರ್ ಜೊತೆ ಸೊಂಟಪಟ್ಟಿಯೂ ಆಯಿತು. ಸುದ್ದಿ ಶಾಲೆಯ ಬಸ್ಸಿನಲ್ಲಿ ಹರಡಿತು. ವಾರ ಮುಗಿಯುವುದರೊಳಗೆ ಹನ್ನೆರಡು ಆಳುಗಳ ಪೈಕಿ ಹನ್ನೆರಡು ಮಂದಿಗೂ ಮಖಮಲ್ಲು ತಗುಲಿತ್ತು. ಒಬ್ಬನಿಗೆ ತಾಯಿಯೇ ತಂದುಕೊಟ್ಟ ಜರಿ, ಇನ್ನೊಬ್ಬನಿಗೆ ರೇಷ್ಮೆಯ ಒಳಪದರ.

"ಮಾಸ್ಟ್ರೇ, ಲಾರ್ಡ್‌ಗೆ ಎಂತ ಉಳಿಯಿತು?" ಎಂದು ನಾನು ಕೇಳಿದೆ.

ಅವರು ಉಳಿದ ಮಖಮಲ್ಲನ್ನು ಮೇಜಿನ ಮೇಲೆ ಹರಡಿ, ಹೀಗೆ ತಿರುಗಿಸಿ, ಹಾಗೆ ತಿರುಗಿಸಿ ನೋಡಿದರು. "ಲಾರ್ಡ್ ಸಣ್ಣ ಹುಡುಗ" ಎಂದಷ್ಟೇ ಹೇಳಿದರು.

ವಾರ್ಷಿಕೋತ್ಸವ ಗುರುವಾರ ಮಧ್ಯಾಹ್ನ. ಅವರನ್ನು ನನ್ನ ಕಾರಿನಲ್ಲೇ ಕರೆದುಕೊಂಡು ಹೋದೆ. ಸಭಾಂಗಣ ತುಂಬಿತ್ತು. ವೇದಿಕೆಯ ಒಂದು ಬದಿಗೆ ಓರೆಯಾಗಿ ಮೇಜು ಹಾಕಿ, ನೆಲ ಮುಟ್ಟುವ ಕೆಂಪು ಮಖಮಲ್ಲು ಹೊದಿಸಿ, ಅದರ ಹಿಂದೆ ಮುಖ್ಯ ಅತಿಥಿಯನ್ನೂ ಪ್ರಿನ್ಸಿಪಾಲರನ್ನೂ ಕೂರಿಸಿದ್ದರು. ಮುಖ್ಯ ಅತಿಥಿ ಬಾತ್‌ರೂಮ್ ನಲ್ಲಿಗಳ ದೊಡ್ಡ ವ್ಯಾಪಾರಿ, ವಯಸ್ಸಾದವರು.

ಪರದೆ ಸರಿಯಿತು. ಹನ್ನೆರಡು ಜೀತದಾಳುಗಳು ಮಿರಮಿರ ಮಿನುಗುತ್ತ ಬಂದು ನಿಂತರು. ಸಭೆ ಚಪ್ಪಾಳೆ ತಟ್ಟಿತು. ಅವರ ಹಿಂದೆ ಲಾರ್ಡ್ ಬಂದ. ಸುಮಂತ್ ಎಂಬ ತೆಳ್ಳನೆಯ ಹುಡುಗ. ನೆಲ ಗುಡಿಸಬೇಕಾಗಿದ್ದ ಮೇಲಂಗಿ ಅವನ ಸೊಂಟಕ್ಕೇ ನಿಂತಿತ್ತು. ಅಂಗಡಿ ಪಕ್ಕದ ಉಡುಪಿ ಹೋಟೆಲಿನ ಸಪ್ಲೈಯರ್ ಥರ ಕಾಣುತ್ತಿದ್ದ.

"ಸಾಲಲ್ಲಿ ಮೂರನೆಯ ಆ ಹುಡುಗ ಲಾರ್ಡಾ?" ಎಂದು ಮುಖ್ಯ ಅತಿಥಿ ಶ್ರೀನಿಧಿಯ ಕಡೆ ಕೈ ತೋರಿಸಿ ಪ್ರಿನ್ಸಿಪಾಲರನ್ನು ಕೇಳಿದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿತು.

ನಿಜವಾದ ಆಪತ್ತು ಮುಂದಿತ್ತು. ಆಳುಗಳು ಒಬ್ಬೊಬ್ಬರಾಗಿ ಬಂದು, ಮೊಣಕಾಲೂರಿ, ಒಡೆಯನಿಗೆ ನಿಷ್ಠೆಯ ಪ್ರಮಾಣ ಮಾಡಬೇಕು. ಶ್ರೀನಿಧಿ ಮುಂದೆ ಬಂದು ನಿಂತ. ನಿಂತೇ ಇದ್ದ.

"ನೀಲ್ ಡೌನ್!" ಎಂದ ಲಾರ್ಡ್.

"ಮಮ್ಮಿ ಸೆಡ್ ನೋ. ಇಟ್ ವಿಲ್ ಗೆಟ್ ಡರ್ಟಿ."

ಹನಾ ಕೂಡ ಮಂಡಿಯೂರಲಿಲ್ಲ. ರೇಷ್ಮೆಯ ಒಳಪದರದವನಂತೂ ಲಾರ್ಡ್‌ನ ಕುರ್ಚಿಯ ಮೇಲೆ ಕರವಸ್ತ್ರ ಹಾಸಿ ತಾನೇ ಕೂತ. ಎಂಟುನೂರು ವರ್ಷ ಅಲುಗಾಡದ ವ್ಯವಸ್ಥೆ ಮೂರು ನಿಮಿಷದಲ್ಲಿ ಕುಸಿಯಿತು. ಸುಮಂತ್ "ಮಿಸ್, ದೇ ಆರ್ ನಾಟ್ ನೀಲಿಂಗ್!" ಎಂದು ಗಟ್ಟಿಯಾಗಿ ಅಳತೊಡಗಿದ. ಪರದೆಯ ಮರೆಯಲ್ಲಿ ಜೋಸ್ಫಿನ್ ಟೀಚರ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು.

ನನ್ನ ಪಕ್ಕದ ಕುರ್ಚಿ ಖಾಲಿಯಾಗಿತ್ತು. ನೋಡಿದರೆ ಮುಹಿಯುದ್ದೀನ್ ವೇದಿಕೆಯ ಮೆಟ್ಟಿಲು ಹತ್ತುತ್ತಿದ್ದಾರೆ. ನೇರ ಗಣ್ಯರ ಮೇಜಿಗೆ ಹೋದರು. ನೀರಿನ ಹೂಜಿ ಎತ್ತಿ "ಸಾರ್, ಇದನ್ನು ಸ್ವಲ್ಪ ಹಿಡ್ಕೊಳ್ಳಿ" ಎಂದು ಮುಖ್ಯ ಅತಿಥಿಯ ಕೈಗೆ ಕೊಟ್ಟರು. ಹೂದಾನಿಯನ್ನು ಪ್ರಿನ್ಸಿಪಾಲರ ಮಡಿಲಿಗೆ ಇಟ್ಟರು. ಒಂದೇ ಎಳೆತಕ್ಕೆ ಮೇಜಿನ ಮಖಮಲ್ಲು ಅವರ ಹೆಗಲೇರಿತು. ಮೇಜಿನಡಿ ಮುಖ್ಯ ಅತಿಥಿ ಶೂ ಕಳಚಿ ಕೂತಿದ್ದು ಇಡೀ ಸಭೆಗೆ ಕಂಡಿತು. ಎಡಗಾಲಿನ ಸಾಕ್ಸಿನಿಂದ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ಮುಹಿಯುದ್ದೀನ್ ಆ ತೂತನ್ನು ಕಂಡು ಒಂದು ಕ್ಷಣ ತಡೆದರು. ಕೈ ಜೇಬಿನ ಸೂಜಿಯತ್ತ ಹೋಯಿತು. ಆದರೆ ಸಮಯವಿರಲಿಲ್ಲ.

ಮಖಮಲ್ಲನ್ನು ಸುಮಂತ್‌ನ ಹೆಗಲಿಗೆ ಹೊದಿಸಿ, ಬಾಯಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಅಂಚು ಮಡಚಲು ಅವನ ಮುಂದೆ ಮೊಣಕಾಲೂರಿ ಕೂತರು. ಬೋಳುತಲೆಯ ಗಂಡಸೊಬ್ಬ ಸಣ್ಣ ಹುಡುಗನ ಪಾದದ ಬಳಿ ಬಾಗಿದ್ದನ್ನು ನೋಡಿ, ನಾಟಕದ ಭಾಗವೇ ಇರಬೇಕೆಂದು ಸಭೆ ಮೆಚ್ಚಿ ಚಪ್ಪಾಳೆ ತಟ್ಟಿತು. ಸುಮಂತ್ ಮೂಗು ಒರೆಸಿಕೊಂಡು ನೆಟ್ಟಗೆ ನಿಂತ. ಚಪ್ಪಾಳೆ ತಮಗೂ ಬೇಕೆನಿಸಿದ ಹನ್ನೆರಡು ಆಳುಗಳೂ ಧೊಪ್ಪನೆ ಮಂಡಿಯೂರಿದರು.

ಹಿಂದಕ್ಕೆ ಬರುವಾಗ ಕಾರಿನಲ್ಲಿ, "ಕೊನೆಗೂ ಲಾರ್ಡ್ ಮುಂದೆ ಮೊಣಕಾಲೂರಿದಿರಲ್ಲ ಮಾಸ್ಟ್ರೇ" ಎಂದೆ.

"ಅದು ಹೆಮ್ಮಿಂಗ್" ಎಂದರು.

ಮುಖ್ಯ ಅತಿಥಿ ಅತ್ಯುತ್ತಮ ವೇಷಭೂಷಣದ ಬಹುಮಾನವನ್ನು ಜೀತದಾಳುಗಳಿಗೆ ಕೊಟ್ಟಿದ್ದರು. ಜೋಸ್ಫಿನ್ ಟೀಚರ್ ಎರಡು ವಾರ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಮೂರನೇ ವಾರ ಬಂದು, ಮಕ್ಕಳಿಗೆ ಊಳಿಗಮಾನ್ಯ ಪದ್ಧತಿ ಒಂದಿಷ್ಟೂ ಅರ್ಥವಾಗಿಲ್ಲ, ನೀವೇ ಬಂದು ನಿಮ್ಮ ಅಪ್ಪನ ಕಥೆ ಹೇಳಿ ಎಂದರು. ಮುಹಿಯುದ್ದೀನ್ ಹೆದರಿದರು. ಎರಡು ಸಲ ಗಡ್ಡ ಮಾಡಿಸಿಕೊಂಡು, ಹೊಸ ಅಂಗಿ ಹೊಲಿದುಕೊಂಡು ಹೋದರು. ಅಲ್ಲಿ ಹೇಳಿದ್ದನ್ನು ಟೀಚರ್ ನನಗೆ ಆಮೇಲೆ ಹೇಳಿದರು.

ಧಣಿಗಳ ಅಂಗಳಕ್ಕೆ ಹೋಗುವಾಗ ಒಕ್ಕಲಿನವರು ಅಂಗಿ ಕಳಚಿ ಕಂಕುಳಲ್ಲಿ ಇಟ್ಟುಕೊಳ್ಳಬೇಕಿತ್ತಂತೆ. ಭೂಸುಧಾರಣೆಯ ಕಾನೂನು ಬಂದಾಗ ಅಪ್ಪ ಅರ್ಜಿ ಹಾಕಿದರು. ಗದ್ದೆ ಅವರ ಹೆಸರಿಗೇ ಆಯಿತು. ಆಗ ಮುಹಿಯುದ್ದೀನ್ ಹೊಲಿಗೆ ಕಲಿಯುತ್ತಿದ್ದರು. ಅವರು ಹೊಲಿದ ಮೊಟ್ಟಮೊದಲ ಅಂಗಿಯನ್ನು ತೊಟ್ಟು ಅಪ್ಪ ಗುಂಡಿಯೆಲ್ಲ ಹಾಕಿಕೊಂಡು ಧಣಿಗಳ ಅಂಗಳಕ್ಕೇ ಹೋಗಿ ನಿಂತರು. ಮಗನೂ ಜೊತೆಗಿದ್ದ. ಧಣಿಗಳು ಜಗಲಿಯಿಂದ ಇಳಿದು ಬಂದು ಮೇಲಿಂದ ಕೆಳಗೆ ನೋಡಿದರು.

"ಬೈದರಾ ಅಂಕಲ್?" ಎಂದು ಹನಾ ಕೇಳಿದಳು.

"ಇಲ್ಲ ಮಗಳೇ. 'ಕಾಲರ್ ಸರಿ ಕೂತಿಲ್ಲ' ಅಂದ್ರು. ಅಷ್ಟೇ ಹೇಳಿ ಒಳಗೆ ಹೋದ್ರು."

ಮಕ್ಕಳೆಲ್ಲ ಛೆ ಛೆ ಎಂದರು.

"ಛೆ ಎಂತದ್ದು?" ಎಂದರು ಮುಹಿಯುದ್ದೀನ್. "ಕಾಲರ್ ನಿಜವಾಗಿ ಸರಿ ಕೂತಿರ್ಲಿಲ್ಲ."